ಬಿಸಿಲಿನಿಂದ ವಿದ್ಯುಚ್ಛಕ್ತಿ: ಪಾವಗಡದ ಅನುಭವ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಬರಗಾಲಕ್ಕೆ ಹೆಸರಾದ ಸೀಮೆಯೆಂಬುದನ್ನು ವಾಚಕ ಮಹಾಶಯರು ಬಲ್ಲರು. ಮಳೆ ತಪ್ಪಿ, ಕಡಲೆಕಾಯಿ ಬೆಳೆ ಕೈಗೆ ಹತ್ತದೆ, ಅನೇಕರು ಕೂಲಿಯನ್ನರಸಿ ಪಟ್ಟಣ ಸೇರಿದ್ದರು. ಅಲ್ಲಿ ಕೊರತೆಯಿಲ್ಲದೆ ದೊರೆಯುತ್ತಿದ್ದುದು ಬಿಸಿಲೊಂದೇ. ಈಗ ಆ ಬಿಸಿಲೇ ಆದಾಯಕ್ಕೆ ಮೂಲವಾಗಿದೆ.

ತಿರುಮಣಿ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಗಳಲ್ಲಿ, ಬಿಸಿಲನ್ನು ವಿದ್ಯುತ್ತಾಗಿ ಮಾರ್ಪಡಿಸುವ ಫಲಕಗಳನ್ನು ಹೂಡಲಾಗಿದೆ. ಇವುಗಳ ಒಟ್ಟು ಸಾಮರ್ಥ್ಯವು 2,050 ಮೆಗಾವ್ಯಾಟ್. ಮೊದಲ ಭಾಗವು 2018ರಲ್ಲಿ ಕಾರ್ಯಾರಂಭ ಮಾಡಿತು. ಕಲ್ಲಿದ್ದಲನ್ನು ಸುಡದ ಕಾರಣ ಇಲ್ಲಿ ಹೊಗೆಯಿಲ್ಲ, ಬೂದಿಯಿಲ್ಲ. ಭೂಮಿಯನ್ನು ಕ್ರಯಕ್ಕೆ ಕೊಳ್ಳದೆ ಗುತ್ತಿಗೆಗೆ ಪಡೆದುದು ವಿಶೇಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳೆಂದೂ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರತಕ್ಕದ್ದೆಂದೂ ಕರಾರಾಯಿತು. ಒಡೆತನವು ರೈತನಲ್ಲಿಯೇ ಉಳಿಯಿತು.

ಆದರೆ ಒಂದು ಮಾತನ್ನು ಮರೆಯಲಾಗದು. ಗುತ್ತಿಗೆಯ ಹಣವು ಭೂಮಿಯುಳ್ಳವನಿಗೆ ಮಾತ್ರ. ಪರರ ಹೊಲದಲ್ಲಿ ಕಳೆ ಕಿತ್ತು, ಬೀಳುಭೂಮಿಯಲ್ಲಿ ಕುರಿ ಮೇಯಿಸಿ ಬದುಕುತ್ತಿದ್ದವನಿಗೆ ಅದರಲ್ಲಿ ಪಾಲಿಲ್ಲ. ಫಲಕ ತೊಳೆಯುವ, ಹುಲ್ಲು ಸವರುವ ಕೆಲಸಗಳು ಎಲ್ಲರಿಗೂ ಸಾಲವು.

ಆದಕಾರಣ ಇಂತಹ ಯೋಜನೆಯು ತಮ್ಮ ಗ್ರಾಮಕ್ಕೆ ಬಂದಲ್ಲಿ, ಕರಾರುಪತ್ರಕ್ಕೆ ಸಹಿಮಾಡುವ ಮುನ್ನ ಗ್ರಾಮಪ್ರಮುಖರೂ ಭೂಮಾಲೀಕರೂ ಒಟ್ಟಾಗಿ ಕುಳಿತು ಮೂರು ವಿಷಯಗಳನ್ನು ನಿಶ್ಚಯಿಸಿಕೊಳ್ಳತಕ್ಕದ್ದು: ದನಕುರಿಗಳಿಗೆ ಎಷ್ಟು ಮೇವಿನ ಭೂಮಿ ಉಳಿಯುವುದು, ಫಲಕ ತೊಳೆಯಲು ನೀರು ಎಲ್ಲಿಂದ ಬರುವುದು, ಕೂಲಿಕಾರರ ಪೈಕಿ ಎಷ್ಟು ಮಂದಿಗೆ ಕೆಲಸ ದೊರೆಯುವುದು. ಬಿಸಿಲು ಊರಿಗೆಲ್ಲ ಸೇರಿದ್ದು. ಅದರ ಫಲವೂ ಊರಿಗೆಲ್ಲ ಸಲ್ಲುವಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ.