ಬೇಸಿಗೆಯಲ್ಲೇ ಅತಿ ಚಳಿ: ಧ್ರುವದ ಮೇಲಿನ ಗಾಳಿಯ ಅಲೆಗಳು

ಭೂಮಿಯಲ್ಲಿ ಅತಿ ಚಳಿಯ ಜಾಗ ಯಾವುದು ಅಂತ ತರಗತಿಯಲ್ಲಿ ಕೇಳಿದರೆ, ಅಂಟಾರ್ಕ್ಟಿಕಾ ಎಂಬ ಉತ್ತರ ಬರುತ್ತೆ. ನೆಲದ ಮಟ್ಟಿಗೆ ಅದು ಸರಿ. 1983ರ ಜುಲೈ 21ರಂದು ಅಲ್ಲಿನ ವೊಸ್ತೋಕ್ ಕೇಂದ್ರದಲ್ಲಿ ಮೈನಸ್ 89.2 ಡಿಗ್ರಿ ದಾಖಲಾಯಿತು. ಆದರೆ ಧ್ರುವಗಳ ಮೇಲೆ, 85-90 ಕಿ.ಮೀ. ಎತ್ತರದಲ್ಲಿ, ಮೈನಸ್ 130ಕ್ಕೂ ಕೆಳಗೆ ಇಳಿಯುತ್ತದೆ. ಅದೂ ಸೂರ್ಯ ಮುಳುಗದ ಬೇಸಿಗೆಯಲ್ಲಿ! ಹೇಗೆ?

ಕಾರಣ ಗುರುತ್ವ ಅಲೆಗಳು. 2015ರಲ್ಲಿ ಮೊದಲ ಸಲ ಪತ್ತೆಯಾದ, ಐನ್‌ಸ್ಟೈನ್ ಹೇಳಿದ್ದ ಗುರುತ್ವಾಕರ್ಷಣೆಯ ಅಲೆಗಳೇ ಬೇರೆ. ಇವು ಬರೀ ಗಾಳಿಯ ಅಲೆಗಳು. ಉರ್ದುವಿನಲ್ಲಿ ಕಶಿಶ್ ಎಂದರೆ ಸೆಳೆತ. ಇಲ್ಲಿ ಕೆಲಸ ಮಾಡೋದು ಭೂಮಿಯ ಆ ಕಶಿಶ್ ಅಷ್ಟೇ. ಅರಬ್ಬೀ ಸಮುದ್ರದ ಗಾಳಿ ಸಹ್ಯಾದ್ರಿಗೆ ಬಡಿದು ಮೇಲೇರಿದಾಗ ಭಾರ ಅದನ್ನು ಕೆಳಗೆ ಎಳೆಯುತ್ತದೆ. ಅದು ತನ್ನ ಮಟ್ಟ ದಾಟಿ ಇಳಿದು ಮತ್ತೆ ಮೇಲೇಳುತ್ತದೆ. ಈ ತೂಗಾಟವೇ ಅಲೆ. ಗುಡುಗು ಮಳೆಯ ಮೋಡಗಳೂ ಇಂಥ ಅಲೆ ಎಬ್ಬಿಸುತ್ತವೆ.

ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. 90 ಕಿ.ಮೀ.ನಲ್ಲಿ ಅದರ ಸಾಂದ್ರತೆ ನೆಲದ ಗಾಳಿಯ ಮೂರು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಲೆಯ ಶಕ್ತಿ ಹಾಗೇ ಉಳಿದು ಹೊರುವ ಗಾಳಿ ಕಡಿಮೆಯಾದಾಗ ತೂಗಾಟ ದೊಡ್ಡದಾಗುತ್ತದೆ. ಕೊನೆಗೆ ಜುಹೂ ದಡದ ತೆರೆಯಂತೆ ಒಡೆಯುತ್ತದೆ. ಆ ಕಲಕಾಟವನ್ನೇ ಪ್ರಕ್ಷುಬ್ಧತೆ ಎನ್ನುತ್ತಾರೆ.

ಒಡೆದ ಅಲೆ ಅಲ್ಲಿನ ಬಿರುಗಾಳಿಗೆ ಬ್ರೇಕ್ ಹಾಕುತ್ತದೆ. ಭೂಮಿ ತಿರುಗುತ್ತಿರುವುದರಿಂದ, ನಿಧಾನವಾದ ಗಾಳಿ ಬೇಸಿಗೆಯ ಧ್ರುವದಿಂದ ಚಳಿಗಾಲದ ಧ್ರುವದ ಕಡೆಗೆ ಸರಿಯುತ್ತದೆ. ಖಾಲಿಯಾದ ಜಾಗಕ್ಕೆ ಕೆಳಗಿನ ಗಾಳಿ ಏರುತ್ತದೆ, ಹಿಗ್ಗುತ್ತದೆ, ಹಿಗ್ಗಿದ್ದರಿಂದ ತಣ್ಣಗಾಗುತ್ತದೆ. ಚಳಿಗಾಲದ ಧ್ರುವದಲ್ಲಿ ಗಾಳಿ ಇಳಿದು, ಕುಗ್ಗಿ, ಬೆಚ್ಚಗಾಗುತ್ತದೆ. ಬೇಸಿಗೆಯ ಆ ಚಳಿಯಲ್ಲಿ, ಸುಮಾರು 83 ಕಿ.ಮೀ. ಎತ್ತರದಲ್ಲಿ, ರಾತ್ರಿ ಹೊಳೆಯುವ ಹಿಮದ ಮೋಡಗಳು ಹುಟ್ಟುತ್ತವೆ. ಅವುಗಳ ಮೈಮೇಲಿನ ಸಾಲು ಸಾಲು ಸುಕ್ಕುಗಳೇ ನಮ್ಮ ಅಲೆಗಳು.

ಇದೆಲ್ಲ ಇಂಗ್ಲಿಷ್ ಮೀಡಿಯಂನವರಿಗೆ, ದೂರದವರಿಗೆ ಅಂತ ನಮ್ಮ ಮಕ್ಕಳು ಅಂದುಕೊಳ್ಳುತ್ತಾರೆ. ದೂರವೇನಿಲ್ಲ. 1826ರಲ್ಲಿ ಶುರುವಾದ ಕೊಲಾಬಾ ವೀಕ್ಷಣಾಲಯದ ಪರಂಪರೆಯ ಭಾರತೀಯ ಭೂಕಾಂತತ್ವ ಸಂಸ್ಥೆ ಈಗ ನ್ಯೂ ಪನ್ವೆಲ್‌ನಲ್ಲಿದೆ. ಅದರ ಉಪಕರಣಗಳು ಅಂಟಾರ್ಕ್ಟಿಕಾದ ಮೈತ್ರಿ, ಭಾರತಿ ಕೇಂದ್ರಗಳಲ್ಲೂ ಇವೆ. ಕನ್ನಡಿಗರಿಗೆ ಹತ್ತಿರದ ಕೊಲ್ಹಾಪುರದಿಂದ ಇದೇ ಎತ್ತರದ ಗಾಳಿಯನ್ನು ರೇಡಾರ್‌ನಲ್ಲಿ ಅಳೆದಿದ್ದಾರೆ. ಆಕಾಶವನ್ನು ನೋಡಿ ಚಿಂತಿಸಿ ಎಂದು ಕುರ್‌ಆನ್ ಮತ್ತೆ ಮತ್ತೆ ಕರೆಯುತ್ತದೆ. ಆ ಚಿಂತನೆಗೆ ಮನೆಮಾತು ಅಡ್ಡಿಯಲ್ಲ. ಪನ್ವೆಲ್‌ಗೆ ಹಾರ್ಬರ್ ಲೈನ್ ಲೋಕಲ್ ಇದ್ದೇ ಇದೆ, ಮಕ್ಕಳೇ. ಪ್ರಶ್ನೆ ಹಿಡಿದು ಹೊರಡಿ.