ನೀರಿಲ್ಲದ ಕಾಲುವೆಗೂ ವಾರಸುದಾರರು ಬೇಕು

ಭೈರವಾನಿತಿಪ್ಪಕ್ಕೆ ಹೊಸಬರು ಬಂದರೆ ಮೊದಲು ಕೇಳುವುದು "ಡ್ಯಾಮ್ ಎಲ್ಲೈತೆ?" ಅಂತ. ಕಾಲುವೆ ಎಲ್ಲೈತೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕೇಳಿದರೂ ತೋರಿಸುವುದು ಕಷ್ಟ. ಕೆಲವು ಕಡೆ ಜಾಲಿ ಬೆಳೆದು ಮುಚ್ಚಿದೆ. ಕೆಲವು ಕಡೆ ಕಾಲುವೆಯ ಕಲ್ಲು ಯಾರದೋ ಮನೆಯ ಪಾಯ ಸೇರಿದೆ. ಇನ್ನು ಕೆಲವು ಕಡೆ ನೇಗಿಲೇ ಹಾಯ್ದು ಹೋಗಿದೆ. ಹಾಗೆ ನೇಗಿಲು ಹಾಯಿಸಿದವರಲ್ಲಿ ನಾನೂ ಒಬ್ಬ. ಅದನ್ನು ಮೊದಲೇ ಒಪ್ಪಿಕೊಂಡು ಮುಂದಿನ ಮಾತು ಹೇಳುತ್ತೇನೆ.

ನಮ್ಮ ನದಿ ವೇದಾವತಿ. ಬಾಬಾಬುಡನ್‌ಗಿರಿಯಲ್ಲಿ ಹುಟ್ಟಿ, ಹಿರಿಯೂರು, ಪರಶುರಾಂಪುರದ ಕಡೆಯಿಂದ ಆಂಧ್ರಕ್ಕೆ ಇಳಿದು, ಮತ್ತೆ ಬಳ್ಳಾರಿ ಸೀಮೆಗೆ ಹೋಗಿ ಹಗರಿ ಎಂಬ ಹೆಸರಿನಲ್ಲಿ ತುಂಗಭದ್ರೆ ಸೇರುತ್ತದೆ. ತವರಿನಿಂದ ಬಂದು ತವರಿಗೇ ಮರಳುವ ಹೆಣ್ಣುಮಗಳ ಹಾಗೆ. ಈ ನೀರಿನ ಜಗಳವೂ ಹಳೆಯದು. 1892ರಲ್ಲಿ ಮದರಾಸು ಸರ್ಕಾರ ಮತ್ತು ಮೈಸೂರು ಸಂಸ್ಥಾನ ಮಾಡಿಕೊಂಡ ಒಪ್ಪಂದದ ಪಟ್ಟಿಯಲ್ಲಿ ಹಗರಿಯ ಹೆಸರೂ ಇತ್ತು. 1907ರಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ ಮುಗಿಯಿತು. ಸುಮಾರು 30 ಟಿಎಂಸಿ ಹಿಡಿಯುವ ದೊಡ್ಡ ಕಟ್ಟೆ ಮೇಲುಗಡೆ ಬಂದ ಮೇಲೆ ಕೆಳಗಿನವರ ಪಾಲಿಗೆ ಉಳಿದದ್ದು ನಡುವಿನ ಹಳ್ಳಗಳ ನೀರು, ಮತ್ತೆ ಕೋಡಿಯ ಆಸೆ. ಆ ಕೋಡಿ 1933ರಲ್ಲಿ ಹರಿದದ್ದು ಬಿಟ್ಟರೆ ಮತ್ತೆ ಹರಿಯಲು 2022 ಬರಬೇಕಾಯಿತು.

1953ರಲ್ಲಿ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲೂಕು ಅನಂತಪುರಕ್ಕೆ ಸೇರಿತು. ಭೈರವಾನಿತಿಪ್ಪದ ಅಣೆಕಟ್ಟು 1961ರ ಹೊತ್ತಿಗೆ ಎದ್ದು ನಿಂತಿತು. ಸುಮಾರು 12 ಸಾವಿರ ಎಕರೆಗೆ ನೀರು ಎಂಬುದು ಲೆಕ್ಕ. ನಮ್ಮಪ್ಪ ಅದಕ್ಕೆ ಮಣ್ಣು ಹೊತ್ತವರು. "ಕಟ್ಟೆ ಕಟ್ಟಿದ್ದು ಸರ್ಕಾರ, ಕಾಲುವೆ ತೋಡಿದ್ದು ನಾವು" ಅನ್ನೋರು.

ನಮ್ಮ ಕಾಲುವೆಯ ಮಾತು ಎರಡು ಭಾಷೆಯದು. ಕನ್ನಡದವರು ತೂಬು ಅಂದರೆ ತೆಲುಗರು ತೂಮು ಅಂತಾರೆ. ನಾವು ಏರಿ ಅಂದರೆ ಅವರು ಗಟ್ಟು ಅಂತಾರೆ. 'ಏರು' ಅಂದರೆ ಅವರಿಗೆ ಹೊಳೆ, ನಮಗೆ ನೇಗಿಲು. ನೀರುಗಂಟಿ ಮಾತ್ರ ಇಬ್ಬರಿಗೂ ಒಬ್ಬನೇ. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು, ಯಾವ ತೂಬು ಯಾವಾಗ ಎತ್ತಬೇಕು, ಎಲ್ಲಾ ಅವನ ತಲೆಯಲ್ಲಿ. ನೀರು ನಿಂತಂತೆ ಆ ತಲೆಗಳೂ ಒಂದೊಂದಾಗಿ ಮಣ್ಣು ಸೇರುತ್ತಿವೆ. 1997ರಲ್ಲಿ ಆಂಧ್ರದ ಕಾಯಿದೆ ಕಾಲುವೆಯ ಉಸ್ತುವಾರಿಯನ್ನು ರೈತರ ನೀರು ಬಳಕೆದಾರರ ಸಂಘಗಳಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಬಳಸಲು ನೀರೇ ಇಲ್ಲದ ವರ್ಷ ಬಳಕೆದಾರ ಎಲ್ಲಿಂದ ಬರಬೇಕು?

ನನ್ನ ತಪ್ಪಿಗೆ ಬರುತ್ತೇನೆ. ನನ್ನ ಹೊಲದ ಅಂಚಿನಲ್ಲಿ ಒಂದು ಕಿರುಗಾಲುವೆ ಇತ್ತು. ವರ್ಷಗಟ್ಟಲೆ ಹನಿ ನೀರು ಕಾಣಲಿಲ್ಲ. ಸುಮ್ಮನೆ ಯಾಕೆ ಬಿಡಬೇಕೆಂದು ಸಮ ಮಾಡಿ ನಾಲ್ಕು ಸಾಲು ಶೇಂಗಾ ಹೆಚ್ಚಿಗೆ ಹಾಕಿದೆ. 2022ರಲ್ಲಿ ಮಳೆ ಹಿಡಿಯಿತು. ಮಾರಿಕಣಿವೆ ಕೋಡಿ ಬಿತ್ತು, ವೇದಾವತಿ ದಡ ತುಂಬಿ ಬಂತು. ಮೇಲಿನ ಹೊಲಗಳ ಮಳೆನೀರೂ ಹಳೆಯ ದಾರಿ ಹುಡುಕಿಕೊಂಡು ಬಂದು ನನ್ನ ಸಾಲಿನಲ್ಲಿ ನಿಂತಿತು. ನನ್ನ ಶೇಂಗಾ ಕೊಳೆಯಿತು. ಅದು ಹೋಗಲಿ, ಕೆಳಗಿನ ಹೊಲದವರ ಕುಂಟೆ ಮಾತ್ರ ತುಂಬಲಿಲ್ಲ. ಅವರು ಜಗಳಕ್ಕೆ ಬರಲಿಲ್ಲ. "ಏಂ ಅನ್ನಾ, ಕಾಲುವ ಮಿಂಗಿನಾವಾ?" ಅಂತಷ್ಟೇ ಕೇಳಿದರು. ಕಾಲುವೆ ನುಂಗಿದೆಯಾ ಎಂಬ ಆ ಮಾತಿಗೆ ನನ್ನ ಎರಡು ಭಾಷೆಯಲ್ಲೂ ಉತ್ತರ ಇರಲಿಲ್ಲ. ಆ ಬೇಸಿಗೆಯಲ್ಲಿ ಅದನ್ನು ಮತ್ತೆ ತೋಡಿದೆ.

ಅಲ್ಲಿಂದ ಶುರುವಾದದ್ದು ನಮ್ಮ ಕಾಲುವೆ ನಡಿಗೆ. ಸಂಕ್ರಾಂತಿ ಕಳೆದ ಮೇಲೆ ಸುತ್ತಲಿನ ಹಳ್ಳಿಯವರು ಕೆಲವರು, ಶಾಲೆ ಮಕ್ಕಳು, ಮಚ್ಚು ಸನಿಕೆ ಹಿಡಿದು ಕಾಲುವೆ ಏರಿಯ ಮೇಲೆ ನಡೆಯುತ್ತೇವೆ. ಜಾಲಿ ಕಡಿಯುತ್ತೇವೆ, ಬೇವು ಹೊಂಗೆ ಇದ್ದರೆ ಬಿಡುತ್ತೇವೆ. ತೂಬಿನ ಹೆಸರುಗಳನ್ನು ಮುದುಕರಿಂದ ಕೇಳಿ ಮಕ್ಕಳು ಎರಡೂ ಲಿಪಿಯಲ್ಲಿ ಬರೆದುಕೊಳ್ಳುತ್ತಾರೆ. ಸಂಘದ ಬೋರ್ಡಿಲ್ಲ, ರಸೀದಿ ಪುಸ್ತಕವಿಲ್ಲ. ಬುತ್ತಿ ಅವರವರದ್ದು.

ಇದು ಹೊಸ ಆಟವೇನಲ್ಲ. ಅಮೆರಿಕದಲ್ಲಿ ಇಲಿನಾಯ್ಸ್-ಮಿಷಿಗನ್ ಎಂಬ ದೋಣಿ ಕಾಲುವೆ 1848ರಲ್ಲಿ ತೆರೆದು 1933ರಲ್ಲಿ ದೋಣಿ ನಿಲ್ಲಿಸಿತು. ಕೆಲಸ ಮುಗಿದ ಕಾಲುವೆ ಎಂದು ಅದನ್ನು ಪೂರಾ ಮುಚ್ಚಲಿಲ್ಲ. 1984ರಲ್ಲಿ ಆ ಸೀಮೆಯನ್ನೇ ರಾಷ್ಟ್ರೀಯ ಪರಂಪರೆ ಎಂದು ಸಾರಿದರು. ಈಗ ಅದರ ಏರಿಯ ಮೇಲೆ ಜನ ನಡೆಯುತ್ತಾರೆ, ಸೈಕಲ್ ಓಡಿಸುತ್ತಾರೆ.

ಅಷ್ಟು ದೂರ ಯಾಕೆ? ಗೌರಿಬಿದನೂರು ತಾಲೂಕಿನ ಕಲ್ಲೂಡಿಯ 1388ರ ಕನ್ನಡ ಶಾಸನ ನೋಡಿ. ಪೆನುಕೊಂಡೆಗೆ ನೀರು ಬೇಕೆಂದು ಜಲಸೂತ್ರ ಬಲ್ಲ ಸಿಂಗಯಭಟ್ಟ ಎಂಬಾತ ಪೆನ್ನೆ ಹೊಳೆಯಿಂದ ಸಿರುವೆರ ಕೆರೆಗೆ ಕಾಲುವೆ ತಂದದ್ದನ್ನು ಅದು ಹೇಳುತ್ತದೆ. ಶಾಸನ ಇಂದು ಕರ್ನಾಟಕದಲ್ಲಿ, ನೀರು ಕುಡಿಯಬೇಕಿದ್ದ ಊರು ಆಂಧ್ರದಲ್ಲಿ. ಇನ್ನು ಮಡಕಶಿರಾ ಪಕ್ಕದ ರೊದ್ದಂ ಸೀಮೆಯ ಕಲ್ಪವಲ್ಲಿಗೆ ಹೋಗಿ ಬನ್ನಿ. ಬೋಳು ಗುಡ್ಡಗಳಾಗಿದ್ದ ಸುಮಾರು 7 ಸಾವಿರ ಎಕರೆಯನ್ನು 1990ರ ದಶಕದಿಂದ ಟಿಂಬಕ್ಟು ಕಲೆಕ್ಟಿವ್ ಜೊತೆ ಸೇರಿ ಹಳ್ಳಿಯವರು ಕಾದರು. ಬೆಂಕಿ ಬೀಳದಂತೆ ನೋಡಿಕೊಂಡರು. ಹುಲ್ಲು ಬಂತು, ಈಚಲು ಬಂತು, ಹಳ್ಳದಲ್ಲಿ ನೀರು ನಿಂತಿತು. ಆಮೇಲೆ ಗಾಳಿಯಂತ್ರಕ್ಕೆಂದು ಮಾಡಿದ ರಸ್ತೆಗಳು ಗುಡ್ಡ ಸೀಳಿದವು. ಕಾಗದದಲ್ಲಿ ಅದು ಪಾಳು ಭೂಮಿಯಾಗಿತ್ತು. ಕಾದವರ ಹೆಸರು ಕಾಗದದಲ್ಲಿ ಇಲ್ಲದಿದ್ದರೆ ಆಗುವುದು ಇದೇ.

ಹಾಗಾಗಿ ನಮ್ಮದು ದೊಡ್ಡ ಬೇಡಿಕೆ ಅಲ್ಲ. ಕಾಲುವೆಯ ಎಲ್ಲೆ ಅಳೆದು ಕಲ್ಲು ನೆಡಲಿ. ತೂಬುಗಳ ಪಟ್ಟಿ ಪಂಚಾಯಿತಿ ದಫ್ತರ ಸೇರಲಿ. ಏರಿಯನ್ನು ನಡೆದಾಡುವ ದಾರಿ ಎಂದು ಬರೆಯಲಿ. ಮೇಲಿನ ಪರಶುರಾಂಪುರದ ರೈತರೂ ಕೆಳಗಿನ ಬಳ್ಳಾರಿ ರೈತರೂ ವರ್ಷಕ್ಕೊಮ್ಮೆ ನಮ್ಮ ಜೊತೆ ನಡೆಯಲಿ. ನೀರಿನ ಪಾಲಿನ ಲೆಕ್ಕ ಸರ್ಕಾರಗಳು ನೋಡಿಕೊಳ್ಳಲಿ, ಹೊಳೆಯ ಪರಿಚಯ ನಮಗಿರಲಿ.

"ನೀಳ್ಳೇ ರಾವು, ಕಾಲುವ ಎಂದುಕನ್ನಾ?" ಎಂದು ಕೇಳುವವರು ಈಗಲೂ ಇದ್ದಾರೆ. ನೀರೇ ಬರಲ್ಲ ಎಂಬುದು ನಿಜವೇ ಇರಬಹುದು. ಕೃಷ್ಣಾ ನೀರನ್ನು ಜೀಡಿಪಲ್ಲಿಯಿಂದ ನಮ್ಮ ಡ್ಯಾಮಿಗೆ ಎತ್ತಿ ತರುವ ಮಾತು ಬಹಳ ದಿನದ್ದು. ನಾಳೆ ಅದು ಬಂದರೆ? ಇಲ್ಲಾ, 2022ರ ಹಾಗೆ ವೇದಾವತಿಯೇ ಮತ್ತೆ ಮನಸ್ಸು ಮಾಡಿದರೆ? 2025ರ ಜನವರಿಯಲ್ಲಿ ಮಾರಿಕಣಿವೆ ಇನ್ನೊಮ್ಮೆ ಕೋಡಿ ಬಿದ್ದದ್ದನ್ನು ನೋಡಿದ್ದೇವೆ. ನೀರು ಬಂದ ದಿನ ಕಾಲುವೆ ತೋಡಲು ಆಗಲ್ಲ.

ನನ್ನ ನಾಲ್ಕು ಸಾಲು ಶೇಂಗಾ ಹೋಯಿತು. ಕೆಳಗಿನವರ ಕುಂಟೆಗೆ ಈಗ ದಾರಿ ಇದೆ. ಮಳೆ ಬಂದ ರಾತ್ರಿ ಸನಿಕೆ ಹಿಡಿದು ಇಬ್ಬರೂ ಅಲ್ಲೇ ಸಿಗುತ್ತೇವೆ.