ಮೊದಲು ತೊಗಲು, ಆಮೇಲೆ ಹತಾರ

ಅಥಣಿಯಲ್ಲೋ ಕಾಪಶಿಯಲ್ಲೋ ಹಳೆಯ ಕ್ರಮದಲ್ಲಿ ಕಟ್ಟಿದ ಚಪ್ಪಲಿಯನ್ನು ಬಿಚ್ಚಿ ನೋಡಿ, ಒಳಗೆ ಒಂದು ಮೊಳೆಯೂ ಸಿಗುವುದಿಲ್ಲ. ಕೆಳಗೆ ಎಮ್ಮೆ ತೊಗಲಿನ ಅಟ್ಟೆ, ಮೇಲೆ ಪಟ್ಟಿ, ಎರಡನ್ನೂ ಹಿಡಿದಿಡಲು ತೊಗಲಿನದೇ ಸಣ್ಣ ಬಾರು. ಬಕಲ್ ಇಲ್ಲ, ರಿವೆಟ್ ಇಲ್ಲ. ಕಟ್ಟಿದವರ ಮುಂದೆ ಇರುವ ಹತಾರಗಳೂ ಬೆರಳೆಣಿಕೆಯವು: ತೊಗಲು ಕೊಯ್ಯುವ ರಂಪಿಗೆ, ತೂತು ಹಾಕುವ ಆರಿ, ಸುತ್ತಿಗೆ, ಕುಟ್ಟಲು ಒಂದು ಕಲ್ಲು.

ಮನೆಯಲ್ಲೇ ಬೆಲ್ಟು, ಪಾಕೀಟು, ಕೈಚೀಲ ಹೊಲಿಯಬೇಕೆಂದು ಹೊರಟವರು ಮಾತ್ರ ಮೊದಲು ಅಂಗಡಿಯ ಹತಾರದ ಪೆಟ್ಟಿಗೆಗೆ ಮರುಳಾಗುತ್ತಾರೆ. ಹತ್ತಾರು ಬಗೆಯ ಸಾಮಾನು, ಒಂದಕ್ಕೂ ಸರಿಯಾದ ಬಾಯಿ ಇಲ್ಲ. ದುಡ್ಡು ಅಲ್ಲಿಗೇ ಮುಗಿದು ತೊಗಲಿಗೆ ಚಿಲ್ಲರೆ ಉಳಿಯುತ್ತದೆ. ಈ ಲೆಕ್ಕವನ್ನು ತಿರುಗಿಸಬೇಕು. ಒಳ್ಳೆಯ ತೊಗಲು ಕೆಟ್ಟ ಹೊಲಿಗೆಯನ್ನೂ ತಕ್ಕಮಟ್ಟಿಗೆ ಸಹಿಸಿಕೊಳ್ಳುತ್ತದೆ. ಕೆಟ್ಟ ತೊಗಲನ್ನು ಯಾವ ಹತಾರವೂ ಸುಧಾರಿಸಲಾರದು.

ಜಯಸಿಂಗಪುರದವರಿಗೆ ಈ ವಿಷಯದಲ್ಲಿ ಅದೃಷ್ಟವಿದೆ. ಶಾಹೂ ಮಹಾರಾಜರು ತಮ್ಮ ತಂದೆ ಜಯಸಿಂಗರಾವ್ ಘಾಟಗೆಯವರ ಹೆಸರಿನಲ್ಲಿ ಕಟ್ಟಿಸಿದ ಈ ಪೇಟೆ ಕೊಲ್ಹಾಪುರ–ಮಿರಜ ರೈಲು ಹಾದಿಯ ಮೇಲಿದೆ. ರೈಲು ಹತ್ತಿದರೆ ಒಂದು ತುದಿಗೆ ಕೊಲ್ಹಾಪುರದ ಚಪ್ಪಲ್ ಲೈನ್. ರಾಜ್ಯದ ಗಡಿ ದಾಟಿದರೆ ಅಥಣಿ, ನಿಪ್ಪಾಣಿ. ತೊಗಲನ್ನು ಕೈಯಲ್ಲಿ ಹಿಡಿದು, ಮಡಚಿ, ಮೂಸಿ ನೋಡಿ ಕೊಳ್ಳಬಹುದು. ಚಿತ್ರ ನೋಡಿ ತೊಗಲು ತರಿಸುವ ಅಗತ್ಯ ಇಲ್ಲಿಯವರಿಗೆ ಇಲ್ಲ.

ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಹದ ಯಾವುದು ಎಂದು. ಹದದಲ್ಲಿ ಮುಖ್ಯವಾಗಿ ಎರಡು ದಾರಿ. ಇಲ್ಲಿಯ ಹಳೆಯ ದಾರಿ ಗಿಡಮರದ್ದು: ತೊಗಲನ್ನು ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದು, ಚೀಲದ ಹಾಗೆ ಹೊಲಿದು ತೂಗುಹಾಕಿ, ಒಳಗೆ ಜಾಲಿ ತೊಗಟೆ ಮತ್ತು ಅಳಲೆಕಾಯಿಯ ರಸ ತುಂಬುತ್ತಾರೆ. ರಸ ನಿಧಾನಕ್ಕೆ ಜಿನುಗುತ್ತಾ ತೊಗಲಿನ ಒಳಗೆ ಇಳಿಯುತ್ತದೆ. ಕೆಲಸ ವಾರಗಟ್ಟಲೆ ಹಿಡಿಯುತ್ತದೆ. ಇನ್ನೊಂದು ಕ್ರೋಮ್ ಹದ, ತಿರುಗುವ ದೊಡ್ಡ ಪೀಪಾಯಿಗಳಲ್ಲಿ ಆಗುವಂಥದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವ್ಯಾಪಾರಕ್ಕೆ ಬಂದ ಈ ವಿಧಾನ ಇಂದು ಜಗತ್ತಿನ ಬಹುಪಾಲು ತೊಗಲನ್ನು ಹದ ಮಾಡುತ್ತದೆ. ತೊಗಲು ಮೆತ್ತಗೆ, ನೀರಿಗೆ ಅಷ್ಟಾಗಿ ಹೆದರುವುದಿಲ್ಲ. ಕೈಚೀಲ, ಮಡಿಕೆ ಬೀಳುವ ಪಾಕೀಟು ಇವಕ್ಕೆ ಕ್ರೋಮ್ ನಡೆಯುತ್ತದೆ. ಬೆಲ್ಟು, ಅಟ್ಟೆ, ಎತ್ತಿನ ಕೊರಳಪಟ್ಟಿ, ಅಚ್ಚು ಒತ್ತುವ ಕೆಲಸ ಇವಕ್ಕೆಲ್ಲ ಗಿಡಮರದ ಹದವೇ ಬೇಕು. ಕ್ರೋಮ್ ತೊಗಲಿನ ಮೇಲೆ ಒತ್ತಿದ ಹೂವು ಮರುದಿನಕ್ಕೆ ಮಾಯವಾಗಿರುತ್ತದೆ. ಅಂಚನ್ನು ಎಷ್ಟು ಉಜ್ಜಿದರೂ ಹೊಳಪು ಬರದು.

ಮಾರುವವರ ಮಾತು ನಂಬಬೇಕಿಲ್ಲ. ಕತ್ತರಿಸಿದ ಅಂಚನ್ನು ನೋಡಿ: ನಡುವೆ ನೀಲಿಬೂದು ಗೆರೆ ಕಂಡರೆ ಕ್ರೋಮ್, ಉದ್ದಕ್ಕೂ ಕಂದು ಇದ್ದರೆ ಗಿಡಮರದ್ದಾಗಿರುವ ಸಂಭವ ಹೆಚ್ಚು. ಬಣ್ಣ ಹಾಕದ ತೊಗಲಾದರೆ ಒಂದು ಹನಿ ನೀರು ಬಿಡಿ. ಗಿಡಮರದ ಹದದ್ದು ಕುಡಿದು ಕಪ್ಪಗಾಗುತ್ತದೆ. ಇನ್ನೂ ಅನುಮಾನವಿದ್ದರೆ ಒಂದು ತುಣುಕನ್ನು ಮನೆಗೆ ತಂದು ಕುದಿಯುವ ನೀರಿಗೆ ಹಾಕಿ. ಗಿಡಮರದ್ದು ಮುದುರಿ ಗಟ್ಟಿಯಾಗುತ್ತದೆ, ಒಳ್ಳೆಯ ಕ್ರೋಮ್ ಹಾಗೇ ಉಳಿಯುತ್ತದೆ.

ಪ್ರಾಣಿಯ ವಿಷಯ. ಈ ಭಾಗದಲ್ಲಿ ದಪ್ಪ ಕೆಲಸಕ್ಕೆ ಎಮ್ಮೆ, ತೆಳು ಕೆಲಸಕ್ಕೆ ಆಡು. ಎಮ್ಮೆ ತೊಗಲಿನ ಮೈ ಒರಟು, ರಂಧ್ರ ದೊಡ್ಡವು, ಆದರೆ ಏಟು ತಿನ್ನುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಮಗ್ಗದಲ್ಲಿ ಲಾಳಿಯನ್ನು ದಿನವಿಡೀ ಹೊಡೆದು ಅಟ್ಟುವ ಪಿಕರ್ ಕೂಡ ಪ್ಲಾಸ್ಟಿಕ್ ಬರುವ ಮುಂಚೆ ಎಮ್ಮೆ ತೊಗಲಿನದೇ ಆಗಿತ್ತು. ಇಚಲಕರಂಜಿಯ ಹಿರಿಯ ನೇಕಾರರನ್ನು ಕೇಳಿ. ಆಡಿನ ತೊಗಲು ತೆಳುವಾದರೂ ಹರಿಯುವುದಿಲ್ಲ. ಪಾಕೀಟಿಗೆ, ಒಳಪದರಕ್ಕೆ ಹೇಳಿಮಾಡಿಸಿದ್ದು. ಮೆತ್ತನೆಯ ತೊಗಲನ್ನು ಚದರ ಅಡಿ ಲೆಕ್ಕದಲ್ಲಿ, ಅಟ್ಟೆಯ ತೊಗಲನ್ನು ಸಾಮಾನ್ಯವಾಗಿ ತೂಕಕ್ಕೆ ಮಾರುತ್ತಾರೆ. ತೂಕಕ್ಕೆ ಕೊಳ್ಳುವಾಗ ತೇವವಿದೆಯೇ ಎಂದು ಮುಟ್ಟಿ ನೋಡಿ, ನೀರಿಗೂ ದುಡ್ಡು ಕೊಡುವುದು ಬೇಡ.

ಒಂದೇ ತೊಗಲಿನಲ್ಲಿ ಎಲ್ಲ ಜಾಗವೂ ಒಂದೇ ಅಲ್ಲ. ಬೆನ್ನು ಬಿಗಿ, ಹೊಟ್ಟೆಯ ಭಾಗ ಸಡಿಲ, ಕೊರಳಲ್ಲಿ ಸುಕ್ಕು. ಬೆಲ್ಟನ್ನು ಬೆನ್ನಿನ ಉದ್ದಕ್ಕೇ ಕತ್ತರಿಸಬೇಕು. ಹೊಟ್ಟೆಯಿಂದ ತೆಗೆದ ಬೆಲ್ಟು ಕೆಲವೇ ತಿಂಗಳಲ್ಲಿ ಹಿಗ್ಗಿ ಹೊಸ ತೂತು ಕೇಳುತ್ತದೆ. ದಪ್ಪದ ಅಂದಾಜು ಹೀಗೆ: ಪಾಕೀಟಿಗೆ 1ರಿಂದ 1.5 ಮಿಲಿಮೀಟರ್, ಕೈಚೀಲಕ್ಕೆ 2ರ ಆಸುಪಾಸು, ಬೆಲ್ಟಿಗೆ 3ರಿಂದ 4. ಹೊರಗಿನ ಮಾರಾಟಗಾರರು ಔನ್ಸ್ ಲೆಕ್ಕ ಹೇಳಿದರೆ ಒಂದು ಔನ್ಸ್ ಎಂದರೆ ಸುಮಾರು 0.4 ಮಿಲಿಮೀಟರ್.

ಇನ್ನು ಹತಾರ. ದುಡ್ಡು ಹಾಕಬೇಕಾದದ್ದು ಒಂದು ಬ್ಲೇಡಿಗೆ ಮತ್ತು ಒಂದು ಆರಿಗೆ. ರಂಪಿಗೆಗೆ ಪೇಟೆಯ ಹೊಸ ಚಾಕುವೇ ಆಗಬೇಕೆಂದಿಲ್ಲ. ಸವೆದ ಯಂತ್ರಗರಗಸದ ಪಟ್ಟಿಯನ್ನು ಕೆಂಪಗೆ ಕಾಯದಂತೆ ನೀರಲ್ಲಿ ಅದ್ದುತ್ತ ಮಸೆಸಿಕೊಂಡರೆ ಚೆನ್ನಾಗಿ ಬಾಳುತ್ತದೆ. ಹರಿತಕ್ಕಿಂತ ಮುಖ್ಯ, ಆ ಹರಿತವನ್ನು ಉಳಿಸಿಕೊಳ್ಳುವುದು. ಒಂದು ಹಲಗೆಗೆ ತೊಗಲಿನ ಚೂರು ಅಂಟಿಸಿ, ಹಸಿರು ಪಾಲಿಶ್ ಸವರಿ, ಕೆಲಸದ ನಡುವೆ ಆಗಾಗ ಬ್ಲೇಡನ್ನು ಹಿಂದಕ್ಕೆ ಎಳೆಯುತ್ತಿರಿ. ಮೊಂಡು ರಂಪಿಗೆಯೇ ಕೈ ಕೊಯ್ಯುವುದು, ಯಾಕೆಂದರೆ ಅದನ್ನು ಒತ್ತಬೇಕಾಗುತ್ತದೆ.

ಹೊಲಿಗೆಗೆ ಯಂತ್ರ ಬೇಡ. ಒಂದೇ ದಾರ, ಎರಡು ತುದಿಗೆ ಎರಡು ಮೊಂಡು ಸೂಜಿ, ಪ್ರತಿ ತೂತಿನಲ್ಲೂ ಎರಡೂ ಸೂಜಿ ಎದುರುಬದುರಾಗಿ ಹಾಯಬೇಕು. ಹೀಗೆ ಹೊಲಿದದ್ದು ಒಂದು ಕಡೆ ಹರಿದರೂ ಇನ್ನೊಂದು ಎಳೆ ಹಿಡಿದುಕೊಂಡಿರುತ್ತದೆ. ಯಂತ್ರದ ಹೊಲಿಗೆಗೆ ಆ ಗುಣವಿಲ್ಲ. ಹೊಲಿಗೆಯ ಉದ್ದದ ನಾಲ್ಕರಷ್ಟು ದಾರ ತೆಗೆದುಕೊಳ್ಳಿ, ದಪ್ಪ ತೊಗಲಿಗೆ ಇನ್ನಷ್ಟು. ತೂತುಗಳ ನಡುವೆ 3ರಿಂದ 4 ಮಿಲಿಮೀಟರ್ ಅಂತರ ಸಾಕು. ಮೇಣ ಹಚ್ಚಿದ ಪಾಲಿಯೆಸ್ಟರ್ ದಾರ ಅಗ್ಗ, ಕೊಳೆಯುವುದಿಲ್ಲ. ಬರೀ ದಾರ ತಂದು ಜೇನುಮೇಣದ ಮೇಲೆ ಎಳೆದರೂ ಅದೇ ಆಯಿತು. ಅಂಟನ್ನು ಎರಡೂ ಮೈಗೆ ತೆಳುವಾಗಿ ಸವರಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು, ಕಿಟಕಿ ತೆರೆದಿರಲಿ. ಆದರೂ ಅದು ಹೊಲಿಯುವ ತನಕ ಹಿಡಿದಿರಲು ಮಾತ್ರ; ಅಂಟನ್ನೇ ನಂಬಿದ ವಸ್ತು ಬೇಸಿಗೆಯಲ್ಲಿ ಬಿಟ್ಟುಕೊಳ್ಳುತ್ತದೆ.

ಲೋಹದ ಸಾಮಾನಿನಲ್ಲಿ ಹೆಚ್ಚಿನವರು ಕೆಡುವುದು ಬಣ್ಣ ನೋಡಿ. ಜಾಲಿ, ಅಳಲೆಯ ಒಗರಿಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ. ನಡುವೆ ನೀರು ಸೇರಿದರೆ ಕಡುಗಪ್ಪು ಕಲೆ ಏಳುತ್ತದೆ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣದ ಉಪ್ಪಾದ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದದ್ದು ಇದೇ ಗುಣದಿಂದ. ಬೆವರು ತಾಗಿದ ಬೆಲ್ಟಿನ ಬಕಲ್ ಸುತ್ತ ಕಪ್ಪಾಗುವುದಕ್ಕೂ ಬಹಳ ಸಲ ಇದೇ ಕಾರಣ. ಕಲೆ ಹೊಸದಾದರೆ ನಿಂಬೆರಸಕ್ಕೆ ತಿಳಿಯಾಗುತ್ತದೆ. ಆದ್ದರಿಂದ ಗಿಡಮರದ ಹದಕ್ಕೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್. ಅಂಗಡಿಗೆ ಒಂದು ಅಯಸ್ಕಾಂತ ಒಯ್ಯಿರಿ: ಅಂಟಿಕೊಂಡರೆ ಮೇಲಿನ ಹೊಂಬಣ್ಣ ಬರೀ ಲೇಪ, ಒಳಗೆ ಕಬ್ಬಿಣ. ಅಂಟದಿದ್ದರೂ ಹಿತ್ತಾಳೆಯೇ ಎನ್ನಲಾಗದು, ಸತುವಿನ ಎರಕಕ್ಕೂ ಅಯಸ್ಕಾಂತ ಹಿಡಿಯುವುದಿಲ್ಲ. ಹಿಂಬದಿ ಗೀರಿ ನೋಡಿ, ಒಳಗೂ ಹಳದಿ ಇದ್ದರೆ ಮಾತ್ರ ಹಿತ್ತಾಳೆ. ಸತುವಿನ ಬಕಲ್ ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ. ಹಿತ್ತಾಳೆಗೂ ಒಂದು ರೋಗವಿದೆ: ತೊಗಲಿನ ಎಣ್ಣೆ ತಾಗಿ ಹಸಿರು ಕಿಲುಬು ಕಟ್ಟುತ್ತದೆ, ಒಣ ಬಟ್ಟೆಯಿಂದ ಒರೆಸಿದರಾಯಿತು. ರಿವೆಟ್ಟಿನ ಕಾಲು ತೊಗಲಿನ ಒಟ್ಟು ದಪ್ಪಕ್ಕಿಂತ 2–3 ಮಿಲಿಮೀಟರ್ ಉದ್ದವಿರಲಿ. ಹೆಚ್ಚಾದರೆ ಬಾಗುತ್ತದೆ, ಕಡಿಮೆಯಾದರೆ ಕಿತ್ತುಬರುತ್ತದೆ.

ಮಳೆಗಾಲದಲ್ಲಿ ಕೃಷ್ಣಾ, ಪಂಚಗಂಗಾ ತುಂಬಿ ಹರಿಯುವ, ಜಯಸಿಂಗಪುರ ಇರುವ ಶಿರೋಳ ತಾಲೂಕಿನಲ್ಲಿ ತೊಗಲಿಗೆ ಬೂಸಲು ಹಿಡಿಯದೆ ಬಿಡದು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಡಿ. ಹಳೆಯ ಸೀರೆಯಲ್ಲಿ ಸುತ್ತಿ ಗಾಳಿಯಾಡುವ ಅಟ್ಟದ ಮೇಲಿಡಿ. ಒಣಗಿದಂತೆ ಕಂಡಾಗ ಔಡಲೆಣ್ಣೆ ಸ್ವಲ್ಪವೇ ಸವರಿ.

ಮಾರಾಟಕ್ಕೆ ಇಳಿಯುವವರಿಗೆ ಒಂದು ಎಚ್ಚರಿಕೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಈ ಎಂಟು ಜಿಲ್ಲೆಗಳದ್ದು ಮಾತ್ರ ಆ ಹೆಸರು. ಹಕ್ಕು ಇರುವುದು ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಕೈಯಲ್ಲಿ. 2025ರ ಜೂನ್‌ನಲ್ಲಿ ಮಿಲಾನಿನ ವೇದಿಕೆಯಲ್ಲಿ ಪ್ರಾಡಾ ಕಂಪನಿ ಇದೇ ಮಾದರಿಯನ್ನು ಊರ ಹೆಸರೆತ್ತದೆ ತೋರಿಸಿದಾಗ ಎದ್ದ ಗದ್ದಲಕ್ಕೆ ಬಲ ಬಂದದ್ದು ಈ ನೋಂದಣಿಯಿಂದಲೂ ಹೌದು. ನಿಮ್ಮ ಬೆಲ್ಟಿಗೋ ಪಾಕೀಟಿಗೋ ಆ ಹೆಸರು ಅಂಟಿಸಬೇಡಿ.

ಈ ಕಸುಬಿನಲ್ಲೇ ಇರುವವರಿಗೆ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದರ 18 ಕಸುಬುಗಳಲ್ಲಿ ಚಪ್ಪಲಿ ಮಾಡುವುದೂ ಸೇರಿದೆ. ಹತಾರಕ್ಕೆ 15,000 ರೂಪಾಯಿವರೆಗೆ ನೆರವು ಸಿಗುತ್ತದೆ, ಮೊದಲ ಕಂತಿನ ಸಾಲ ಒಂದು ಲಕ್ಷ ರೂಪಾಯಿವರೆಗೆ, ಬಡ್ಡಿ ಶೇಕಡಾ 5. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ; ಆಧಾರ್ ಹಿಡಿದು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ ನೋಂದಾಯಿಸಿಕೊಳ್ಳಿ.